ಮನೆಯಲ್ಲಿ ಗಂಡಸಿದ್ದಾರೆ

ಮೂರನೇ ಮಹಡಿ, ಇನ್ನೂ ಮಾರಾಟವಾಗದ ಮನೆ
ಸೋಮವಾರ, ಮಾರ್ಚ್ 9

ಮಗಳ ಅಪ್ಪನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದುಬಿಟ್ಟಿದ್ದೆ, ಕೈಗೆ ಅಂಟಿದ ಅಭ್ಯಾಸ. ಹಾಳೆ ಬದಲಾಯಿಸಿದ್ದೇನೆ. ನಿಮ್ಮ ಬೆನ್ನುನೋವು ಹೇಗಿದೆ? ಎಂಟು ತಿಂಗಳಾಯಿತಲ್ಲ, ಅಲ್ಲಿಯ ಹಾಸಿಗೆ ಒಗ್ಗಿರಬೇಕು. ನಾವು ಚೆನ್ನಾಗಿದ್ದೇವೆ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತುವವರ ಜೊತೆ ನನಗೆ ಮಾತಿಲ್ಲ. ಅದಕ್ಕೇ ಈ ಕಾಗದ.

ಮನೆ ಮಾರಿ ನನ್ನ ಪಾಲು ಕೊಟ್ಟುಬಿಡು ಎಂದಿರಿ. ಮಾರುತ್ತಿದ್ದೇನೆ. ಒಳ್ಳೆಯ ಬೆಲೆ ಬಂದರೆ ನನ್ನ ಪಾಲಿನಲ್ಲಿ ಮಗಳ ಶಾಲೆಯ ಹತ್ತಿರ ಎರಡು ಕೋಣೆಯ ಮನೆ ಸಿಗುತ್ತದೆ, ಇಲ್ಲದಿದ್ದರೆ ಊರಾಚೆ ಬಾಡಿಗೆಗೆ ಹೋಗಬೇಕು. ಹಾಗಾಗಿ ದಲ್ಲಾಳಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಬಚ್ಚಲಿಗೆ ತಾಗಿದ ಗೋಡೆಯ ತೇವ ಕಾಣದಂತೆ ಬಟ್ಟೆಯ ಬೀರು ಎಳೆದು ನಿಲ್ಲಿಸಿದೆ. ಮಲಗುವ ಕೋಣೆಯ ಫ್ಯಾನು ಕಿರುಗುಟ್ಟುತ್ತದಲ್ಲ, ಅದನ್ನು ಹಾಕಲೇಬೇಡಿ ಎಂದ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಈ ಮನೆಗೆ ಹೊಸದೇನಲ್ಲ ಬಿಡಿ. ಕೊನೆಗೆ ಅವನು ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡಿದ. ನನ್ನದೊಂದು ಜೊತೆ, ಮಗಳದೊಂದು ಜೊತೆ. “ಅಕ್ಕಾ, ಒಂಟಿ ಹೆಂಗಸು ಮಾರ್ತಿದ್ದಾರೆ ಅಂತ ಗೊತ್ತಾದ್ರೆ ಜನ ರೇಟು ಇಳಿಸ್ತಾರೆ. ಮನೇಲಿ ಗಂಡಸಿದ್ದಾರೆ ಅನ್ನೋ ಹಾಗೆ ಕಾಣ್ಬೇಕು” ಎಂದ.

ಕಾಣುವಂತೆ ಮಾಡಿದೆ. ನೀವು ಅಟ್ಟದಲ್ಲಿ ಬಿಟ್ಟು ಹೋದ ಕಪ್ಪು ಶೂಗಳನ್ನು ಒರೆಸಿ, ಪಾಲಿಶ್ ಹಾಕಿ ಬಾಗಿಲ ಹೊರಗಿಟ್ಟೆ. ಷರಟನ್ನು ಒಂದೂ ಬಿಟ್ಟಿರಲಿಲ್ಲವಲ್ಲ, ದಲ್ಲಾಳಿಯೇ ತನ್ನದೊಂದು ತಂದುಕೊಟ್ಟ. ಅವನ ಮೈಗೆ ನಿಮ್ಮಂಥವರು ಇಬ್ಬರು ಬೇಕು. ಅದನ್ನು ಬಾಲ್ಕನಿಯ ತಂತಿಗೆ ಹಾಕಿದೆ. ಗೋಡೆಯ ಮೇಲಿನ ಬಿಳಿ ಚೌಕ ಮುಚ್ಚಲು ಮದುವೆಯ ಫೋಟೊವನ್ನೇ ಮತ್ತೆ ನೇತುಹಾಕಬೇಕಾಯಿತು, ಆ ಅಳತೆಯದು ಮನೆಯಲ್ಲಿ ಬೇರೇನೂ ಇರಲಿಲ್ಲ.

ಶನಿವಾರ ಗಂಡ ಹೆಂಡತಿ ಬಂದರು, ಜೊತೆಗೆ ಆಕೆಯ ಅತ್ತೆ. ಯಜಮಾನರು ಎಲ್ಲಿ ಎಂದು ಅತ್ತೆ ಕೇಳಿದರು. ಆಫೀಸಿನ ಕೆಲಸದ ಮೇಲೆ ಹೋಗಿದ್ದಾರೆ ಎಂದೆ. ಅಷ್ಟಕ್ಕೇ ಬಿಡಬೇಕಿತ್ತು. ನಲ್ಲಿ ರಿಪೇರಿ ಅವರೇ ಮಾಡುತ್ತಾರೆ, ಮಗಳಿಗೆ ದಿನಾ ಜಡೆ ಹಾಕುತ್ತಾರೆ, ನನಗೆ ಜ್ವರ ಬಂದರೆ ರಜೆ ಹಾಕಿ ಕೂರುತ್ತಾರೆ ಎಂದೆಲ್ಲ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಿದೆ. ಹೇಳುತ್ತ ಹೇಳುತ್ತ ಆ ಮನುಷ್ಯ ನನಗೇ ಇಷ್ಟವಾಗಿಬಿಟ್ಟ. ಆ ಅಜ್ಜಿ ಒಮ್ಮೆ ಫೋಟೊ ನೋಡಿದರು, ಒಮ್ಮೆ ಷರಟು ನೋಡಿದರು. “ಮದುವೆ ಆದ್ಮೇಲೆ ಚೆನ್ನಾಗಿ ತುಂಬ್ಕೊಂಡಿದ್ದಾರೆ. ನಿನ್ನ ಕೈ ಅಡುಗೆ ಹಿಡಿಸಿದೆ ಅಂತ ಕಾಣುತ್ತಮ್ಮ” ಎಂದರು. ನಕ್ಕೆ. ಬೆಲೆಯ ಬಗ್ಗೆ ಒಂದು ಮಾತೂ ಎತ್ತದೆ ಒಪ್ಪಿಕೊಂಡು ಹೋದರು.

ಅವರು ಹೋದ ಮೇಲೆ ಶೂಗಳನ್ನು ಒಳಗೆ ಎತ್ತಿಡುವುದು ಮರೆತೆ. ಮಗಳು ಪಕ್ಕದ ಮನೆಯಿಂದ ಆಡಿಕೊಂಡು ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಓಡಿದಳು. ಮಲಗುವ ಕೋಣೆ, ಬಚ್ಚಲು, ಬಾಲ್ಕನಿ ಎಲ್ಲ ನೋಡಿ, ಬೀರುವಿನ ಹಿಂದೆಯೂ ಬಗ್ಗಿ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಬಿಡುತ್ತಿದ್ದೆ. ನಿಮ್ಮ ಮೇಲೆ ಇಷ್ಟು ದಿನ ಸಿಟ್ಟಿತ್ತು, ಅವತ್ತು ನನ್ನ ಮೇಲೂ ಬಂತು.

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಡೆಯಲ್ಲಿ ನನಗಾಗಿ ಅತ್ತವರು ಅವರೊಬ್ಬರೇ.

ಇಂತಿ,
ದಾಖಲೆಗಳಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಯಜಮಾನರನ್ನು ಕಣ್ಣಾರೆ ಕಂಡೇ ಮುಂಗಡ ಕೊಡುತ್ತೇವೆ ಎಂದಿದ್ದಾರೆ ಶನಿವಾರ ಬಂದವರು. ಹತ್ತೊಂಬತ್ತನೇ ತಾರೀಕು ಗುರುವಾರ, ಹನ್ನೊಂದು ಗಂಟೆಗೆ ಬನ್ನಿ. ಒಂದು ಗಂಟೆ ನನ್ನ ಗಂಡನ ಹಾಗೆ ಕೂತರೆ ಸಾಕು, ನಿಮಗೆ ಹನ್ನೊಂದು ವರ್ಷದ ಅಭ್ಯಾಸವಿದೆ. ಸಣ್ಣಗಾದದ್ದು ಮನೆ ಬಿಡುವ ಕೊರಗಿನಿಂದ ಎಂದು ನಾನೇ ಹೇಳುತ್ತೇನೆ. ಮಗಳು ಶಾಲೆಯಿಂದ ಬರುವುದು ಮೂರೂವರೆಗೆ, ಅಷ್ಟರೊಳಗೆ ಹೊರಟುಬಿಡಿ. ಹೋಗುವಾಗ ಆ ಶೂಗಳನ್ನೂ ತೆಗೆದುಕೊಂಡು ಹೋಗಿ. ಅವಳು ಈಗ ಮನೆಗೆ ಬಂದ ಕೂಡಲೇ ಮೊದಲು ಅಲ್ಲಿ ನೋಡುತ್ತಾಳೆ.