ಸಿಹಿಗುಂಬಳದ ಸೂಪಿನ ಪುಟ

ಅತ್ತೆ,

ಕಾಲೇಜಿಗೆ ಹೊರಟೆ. ಅಡುಗೆ ಪುಸ್ತಕವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟವರು ನೀವೇ ಎಂದು ಗೊತ್ತಾಯಿತು. ಬೇಸರವಿಲ್ಲ. ನಿಮ್ಮ ಮಗ ಹೋದ ಮೇಲೆ ನಾನು ಅದನ್ನು ತೆರೆದೇ ಇರಲಿಲ್ಲ.

ರಾತ್ರಿ ಊಟಕ್ಕೆ ಸಿಹಿಗುಂಬಳದ ಸೂಪು ಮಾಡೋಣ. ಅವರೂ ನಾನೂ ಮಾಡಿ ನೋಡದೆ ಉಳಿದ ಪುಟ ಅದು. ಕುಂಬಳಕಾಯಿ ಹೆಚ್ಚಿಡಿ, ಒಲೆ ಮಾತ್ರ ಹಚ್ಚಬೇಡಿ.

"ಪುಸ್ತಕ ನೋಡ್ಕೊಂಡು ಯಾರಾದ್ರೂ ಅಡುಗೆ ಮಾಡ್ತಾರೇನ್ರೋ?" ಅಂತ ನಮ್ಮಿಬ್ಬರನ್ನೂ ಗೇಲಿ ಮಾಡುತ್ತಿದ್ದಿರಲ್ಲ, ನಮ್ಮ ಕಟ್ಟಳೆ ನೆನಪಿರಬೇಕು. ಒಬ್ಬರು ಸ್ಟೂಲಿನ ಮೇಲೆ ಕೂತು ಜೋರಾಗಿ ಓದಬೇಕು, ಇನ್ನೊಬ್ಬರು ಮಾಡಬೇಕು. ಓದುವವರು ಸೌಟು ಮುಟ್ಟುವ ಹಾಗಿಲ್ಲ. ಅವರು ಮುಟ್ಟುತ್ತಿದ್ದರು, ಆ ಮಾತು ಬೇರೆ.

ಇವತ್ತೂ ಮಾಡುವವಳು ನಾನೇ. ನಿಮ್ಮ ಕನ್ನಡಕವನ್ನು ಸ್ಟೂಲಿನ ಮೇಲೆ ಇಟ್ಟಿದ್ದೇನೆ.