ಸಿಂಗರಿಸಿಕೊಂಡು ಹೋದ ವೆನಿಲ್ಲಾ

ಹಲಾಪಾ,
ಏಪ್ರಿಲ್ ೧೪

ಪ್ರೀತಿಯ ತೋಮಾಸಾ ಅಕ್ಕನಿಗೆ,

ನಿನ್ನ ತಮ್ಮ ಫೌಸ್ತಿನೊ ಮಾಡುವ ನಮಸ್ಕಾರಗಳು. ಫೆಬ್ರವರಿಯ ಕ್ಯಾಂಡಲೇರಿಯ ಹಬ್ಬದಲ್ಲಿ ನೀನು ಬರೆದ ಕಾಗದಕ್ಕೆ ಈಸ್ಟರ್ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಸನ್ಯಾಸಿನಿಯರು ಬೈದರೆ ಅದೂ ಆಶೀರ್ವಾದವೇ ಎಂದು ಅಮ್ಮ ಹೇಳುತ್ತಾಳೆ. ನಿಮ್ಮ ಮಠದ ಹಿರಿಯ ತಾಯಿ ಕಾಗದಗಳನ್ನು ಮೊದಲು ತಾವು ಓದಿ ಆಮೇಲೆ ನಿನ್ನ ಕೈಗೆ ಕೊಡುತ್ತಾರೆಂದು ಗೊತ್ತು. ಅವರಿಗೂ ನನ್ನ ನಮಸ್ಕಾರ. ತಾಯೀ, ಈ ಸಲದ ಕಾಗದ ಉದ್ದವಾಗಿದೆ, ಕನ್ನಡಕ ಒರೆಸಿಕೊಂಡು ಕೂತುಕೊಳ್ಳಿ.

ಅಮ್ಮನ ಮಂಡಿನೋವು ಹಾಗೇ ಇದೆ. ಚಿಕ್ಕಮ್ಮ ಅವಳ ಜೊತೆಗೇ ಇದ್ದಾಳೆ, ಇಬ್ಬರೂ ದಿನವಿಡೀ ಜಗಳವಾಡುತ್ತಾರೆ, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡುವುದಿಲ್ಲ. ಕೋಳಿಗೆ ಕಾಯಿಲೆ ಬಂದು ಅರ್ಧಕ್ಕರ್ಧ ಸತ್ತವು. ಇಷ್ಟು ಕ್ಷೇಮ ಸಮಾಚಾರ. ಇನ್ನು ಕ್ಷೇಮವಲ್ಲದ್ದನ್ನು ಬರೆಯುತ್ತೇನೆ.

ಕಳೆದ ಡಿಸೆಂಬರ್‌ನಲ್ಲಿ ಊರಿನ ವೆನಿಲ್ಲಾ ಸಂಘಕ್ಕೆ ಒಂದು ಒಳ್ಳೆಯ ಸುದ್ದಿ ಬಂತು. ಗಡಿಯಾಚೆಯ ಒಂದು ಮಿಠಾಯಿ ಕಂಪನಿ ನಮ್ಮ ಊರಿನ ಬೆಳೆಯನ್ನೆಲ್ಲ ವರ್ಷವರ್ಷವೂ ಕೊಳ್ಳುತ್ತೇನೆಂದಿತು. ಒಂದೇ ಷರತ್ತು: ಮೊದಲು ಒಂದು ಕಟ್ಟು ನಾನು ಕೆಲಸ ಮಾಡುವ ಇಲ್ಲಿನ ಪ್ರಯೋಗಾಲಯಕ್ಕೆ ಬರಬೇಕು, ಕಲಬೆರಕೆಯಿಲ್ಲದ ಅಸಲಿ ಮಾಲು ಎಂದು ವರದಿ ಆಗಬೇಕು. ಯಾರ ಮನೆಯ ಕಟ್ಟು ಕಳಿಸುವುದು ಎಂಬ ಚರ್ಚೆ ಬಂದಾಗ ಎಲ್ಲರೂ ಅಮ್ಮನ ಹೆಸರು ಹೇಳಿದರಂತೆ. ಸಂಘದ ಮುಖಂಡ ದೋನ್ ಕ್ರಿಸಾಂತೊ ನಿನಗೆ ನೆನಪಿರಬೇಕು, ಮದುವೆ ಮನೆಯಲ್ಲೂ ಭಾಷಣ ಮಾಡುವವನು. ಅವನೇ ಮನೆಗೆ ಬಂದು, "ಅಕ್ಕಾ, ಊರಿನ ಮರ್ಯಾದೆ ನಿನ್ನ ಕಂಬಳಿಯೊಳಗಿದೆ" ಎಂದನಂತೆ. ವೆನಿಲ್ಲಾ ಕೋಡುಗಳನ್ನು ಬಿಸಿಲಿಗೆ ಹಾಕಿ, ಕಂಬಳಿಯಲ್ಲಿ ಸುತ್ತಿ ಬೆವರಿಸುವುದರಲ್ಲಿ ಅಮ್ಮನಂಥ ಕೈ ಇನ್ನೊಂದಿಲ್ಲ. ಅವಳು ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ಚಿಕ್ಕಮ್ಮ ದೂರುತ್ತಿದ್ದಳು.

ಕಟ್ಟು ನಮ್ಮಲ್ಲಿಗೆ ಬಂದ ದಿನ ನಮ್ಮ ಮೇಲಧಿಕಾರಿ ಡಾಕ್ಟರ್ ಬೆರೆನಿಸೆ ನನ್ನನ್ನು ಕರೆದು, "ಇದು ನಿಮ್ಮಮ್ಮಂದು ತಾನೇ? ಹಾಗಾದ್ರೆ ನೀನು ಮುಟ್ಬೇಡ, ನಾನೇ ನೋಡ್ತೀನಿ" ಎಂದರು. ನಾನು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತೆ. ಪೆಟ್ಟಿಗೆ ಬಿಚ್ಚಿದಾಗ ಕೋಡುಗಳ ಮೈಮೇಲೆ ಬಿಳಿ ಹರಳು, ಮುಂಜಾವಿನ ಇಬ್ಬನಿಯಂತೆ. ಆ ಹರಳು ತಾನಾಗಿ ಮೂಡಬೇಕಾದರೆ ಕೋಡು ಬಹಳ ಚೆನ್ನಾಗಿರಬೇಕು, ತಿಂಗಳುಗಟ್ಟಲೆ ಕಾಯಬೇಕು. ಮೊದಲ ಪರೀಕ್ಷೆಯಲ್ಲಿ ವೆನಿಲಿನ್, ಅಂದರೆ ಆ ಪರಿಮಳದ ಮೂಲವಸ್ತು, ನಾವು ಇದುವರೆಗೆ ಕಂಡದ್ದಕ್ಕಿಂತ ಹೆಚ್ಚು ಬಂತು. ನಾನು ತಡೆಯಲಾರದೆ ದೋನ್ ಕ್ರಿಸಾಂತೊಗೆ ಫೋನ್ ಮಾಡಿದೆ. ಊರಲ್ಲಿ ಪಟಾಕಿ ಹೊಡೆದರಂತೆ.

ಆದರೆ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಅಕ್ಕ, ಕಾಗದದ ಕಾರ್ಖಾನೆಯಲ್ಲಿ ಉಳಿದ ಮರದ ರಸದಿಂದಲೂ ವೆನಿಲಿನ್ ಮಾಡುತ್ತಾರೆ. ಅದಕ್ಕೂ ನಮ್ಮ ಕೋಡಿನದಕ್ಕೂ ಯಾವ ವ್ಯತ್ಯಾಸವೂ ಇಲ್ಲ, ಯಾವ ಮೂಗೂ ಹೇಳಲಾರದು. ಆದರೆ ಒಂದೊಂದು ಗಿಡ ಗಾಳಿಯಿಂದ ಇಂಗಾಲವನ್ನು ಒಂದೊಂದು ಬಗೆಯಲ್ಲಿ ಹೀರುತ್ತದೆ, ಹುಟ್ಟಿದ ಮನೆಯ ಗುರುತು ಆ ಇಂಗಾಲದಲ್ಲಿ ಉಳಿದುಬಿಡುತ್ತದೆ. ಅದನ್ನು ತೂಗಿ ನೋಡುವ ಯಂತ್ರ ನಮ್ಮಲ್ಲಿದೆ. ಆ ಯಂತ್ರ, ಅಮ್ಮನ ಕಟ್ಟಿನಲ್ಲಿದ್ದ ವೆನಿಲಿನ್‌ನಲ್ಲಿ ಒಂದು ಪಾಲು ಕಾರ್ಖಾನೆಯದು ಎಂದಿತು. ಡಾಕ್ಟರಮ್ಮ ಮತ್ತೆ ನಡೆಸಿದರು. ಮತ್ತೆ ಅದೇ ಬಂತು.

ಮೊದಲ ಬಸ್ಸಿಗೇ ಊರಿಗೆ ಹೋದೆ. ಅಮ್ಮ ನನ್ನನ್ನು ಕಂಡು ಹಿಗ್ಗಿ ಹೀರೇಕಾಯಾದಳು. ಬಿಸಿ ಬೊಕೋಲ್ ರೊಟ್ಟಿ, ಹುರುಳಿ ಮುಂದಿಟ್ಟು, "ಏನಂದ್ರೋ ನಿಮ್ಮ ಡಾಕ್ಟರಮ್ಮ? ಮೆಚ್ಚಿದ್ರಾ?" ಎಂದಳು. ನಾನು ತುತ್ತು ಕೈಯಲ್ಲಿ ಹಿಡಿದೇ ಕೇಳಿದೆ, "ಅಮ್ಮ, ಕೋಡಿನ ಮೇಲೆ ಏನಾದ್ರೂ ಹಾಕಿದ್ಯಾ?"

"ಹಾಕ್ದೆ ಕಳಿಸ್ತೀನಾ?" ಎಂದಳು, ಹೆಮ್ಮೆಯಿಂದ.

ಕೋಡುಗಳನ್ನು ಹೆಣೆದು ಶಿಲುಬೆ, ಹೂವು ಮಾಡಿ ಪೇಟೆಯಲ್ಲಿ ಮಾರುವ ಹೆಂಗಸರು ಅವುಗಳ ಮೇಲೆ ಅಂಗಡಿಯ ಬಿಳಿ ಪುಡಿ, ಅಂದರೆ ಆ ಕಾರ್ಖಾನೆಯ ವೆನಿಲಿನ್ನೇ, ಉದುರಿಸುವುದು ನಿನಗೂ ಗೊತ್ತು. ನೋಡಲು ಚೆಂದ, ಪರಿಮಳ ದೂರಕ್ಕೆ ಹೋಗುತ್ತದೆ. ಅದರಲ್ಲಿ ಮೋಸವಿದೆಯೆಂದು ನಮ್ಮೂರಿನಲ್ಲಿ ಯಾರೂ ಎಣಿಸಿದವರಲ್ಲ. ಅಮ್ಮನ ಕೋಡುಗಳಿಗೆ ಹರಳು ಮೂಡಲು ಇನ್ನೂ ಸಮಯ ಬೇಕಿತ್ತು, ಕಂಪನಿಯವರು ಅವಸರ ಮಾಡಿದರು. ಅದೂ ಕ್ಯಾಂಡಲೇರಿಯ ವಾರ. ಮನೆಮನೆಯಲ್ಲೂ ಬಾಲಯೇಸುವಿಗೆ ಹೊಸ ಬಟ್ಟೆ ಹೊಲಿದು, ಉಡಿಸಿ, ಚರ್ಚಿಗೆ ಕರೆದೊಯ್ಯುವ ಸಂಭ್ರಮ.

"ದೇವರ ಮಗೂನೇ ಬರಿಮೈಲಿ ಹೊಸ್ತಿಲು ದಾಟಿಸಲ್ಲ. ನನ್ನ ವೆನಿಲ್ಲಾನ ಪರಸ್ಥಳದವರ ಮುಂದೆ ಹಾಗೇ ಕಳಿಸ್ಲಾ?" ಎಂದಳು ಅಮ್ಮ. "ಒಂದು ಚಿಟಿಕೆ ಕಣೋ, ಸಿಂಗಾರಕ್ಕೆ."

ಚಿಟಿಕೆಯಲ್ಲ ಅಕ್ಕ, ಪ್ರೀತಿಯಿಂದ ಹಾಕಿದ್ದು, ಧಾರಾಳವಾಗಿಯೇ ಹಾಕಿದ್ದಾಳೆ.

ಮನೆಯಲ್ಲಿದ್ದ ಪೆಟ್ಟಿಗೆಯ ತಳದಲ್ಲಿ ಅದೇ ಬೆಳೆಯ, ಪುಡಿ ಸೋಕದ ಕೋಡುಗಳು ಉಳಿದಿದ್ದವು. ಅವನ್ನು ತಂದು, ಡಾಕ್ಟರಮ್ಮನ ಕಾಲಿಗೆ ಬೀಳುವುದೊಂದು ಬಾಕಿ, ಬೇಡಿಕೊಂಡು ಪರೀಕ್ಷೆ ಮಾಡಿಸಿದೆ. ಅಪ್ಪಟ. ಒಂದು ಕೂದಲಷ್ಟೂ ಬೆರಕೆಯಿಲ್ಲ. ಕಂಪನಿಗೆ ನಡೆದದ್ದನ್ನೆಲ್ಲ ವಿವರಿಸಿ ಬರೆದೆವು. ಒಮ್ಮೆ ಕಲಬೆರಕೆ ಕಂಡ ಊರಿನಿಂದ ಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದು ಉತ್ತರ ಬಂತು. ಡಾಕ್ಟರಮ್ಮ ಫೋನ್ ಮಾಡಿದರು, ನಾನೂ ಮಾಡಿದೆ, ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಅದೇ ಮಾತು ಹೇಳಿದಳು. ಕೈಗೆ ಬಂದ ತುತ್ತು ಊರಿಗೆ ಊರೇ ಕಳೆದುಕೊಂಡಿತು.

ದೋನ್ ಕ್ರಿಸಾಂತೊ ನಮ್ಮ ಮನೆಯ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದನಂತೆ: "ಕೇಳ್ರಪ್ಪಾ, ಇಡೀ ಊರಿನ ಹೊಟ್ಟೆ ಮೇಲೆ ಪುಡಿ ಉದುರಿಸಿದ ಮಹಾತಾಯಿ ಇವಳು!" ಚಿಕ್ಕಮ್ಮ ಪೊರಕೆ ಹಿಡಿದು ಹೊರಬಂದು, "ನಿನ್ನ ಹೆಂಡ್ತಿ ಮಾರೋ ಶಿಲುಬೆ ಮೇಲೇನು ಸ್ವರ್ಗದಿಂದ ಹಿಮ ಬೀಳುತ್ತೇನೋ?" ಎಂದಳಂತೆ. ಜನ ನಕ್ಕರಂತೆ. ಆದರೆ ನಕ್ಕವರೂ ಈಗ ಅಮ್ಮನನ್ನು ಕಂಡರೆ ದಾರಿ ಬದಲಿಸುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ, ಅವರ ಮನೆಯ ಕೋಡುಗಳೂ ಪೆಟ್ಟಿಗೆಯಲ್ಲೇ ಒಣಗುತ್ತಿವೆ. ಚರ್ಚಿನಲ್ಲಿ ಅಮ್ಮ ಕೂರುವ ಬೆಂಚು ಖಾಲಿ ಬಿಡುತ್ತಿದ್ದರು, ಪಕ್ಕಕ್ಕೆ ಯಾರೂ ಬರುತ್ತಿರಲಿಲ್ಲ. ಮೂರನೆಯ ಭಾನುವಾರದಿಂದ ಅವಳೂ ಹೋಗುವುದನ್ನು ಬಿಟ್ಟಳು.

ಪುಡಿ ಸೋಕದ ಕೋಡುಗಳ ಪರೀಕ್ಷೆಯ ಕಾಗದವನ್ನು ನಾನೇ ಒಯ್ದು ಅಮ್ಮನ ಕೈಗಿಟ್ಟೆ. "ನೋಡಮ್ಮ, ನಿಂದು ಅಪ್ಪಟ ಅಂತ ಬರೆದಿದೆ" ಎಂದೆ. ಅವಳು ಅದನ್ನು ಮಡಿಸಿ ದೇವಮಾತೆಯ ಪಟದ ಹಿಂದೆ ಇಟ್ಟು, "ಆಯ್ತಪ್ಪ, ಊಟ ಮಾಡು" ಎಂದಳು. ನಾನು ಅವಳ ಎದುರಿಗೆ ಅತ್ತೆ. ಅವಳು ಅಳಲಿಲ್ಲ.

ಇದೆಲ್ಲ ಸರಿಹೋಗುತ್ತದೆಂದು ನಿನಗೆ ಬರೆಯಬೇಕೆಂದು ಈಸ್ಟರ್‌ವರೆಗೆ ಕಾದೆ. ಸರಿಹೋಗುವ ಲಕ್ಷಣ ನನಗೇನೂ ಕಾಣುವುದಿಲ್ಲ. ನೀನು ಪ್ರಾರ್ಥಿಸು. ನನಗೆ ಪ್ರಾರ್ಥಿಸಲು ಮನಸ್ಸಾಗುತ್ತಿಲ್ಲ, ಹಿರಿಯ ತಾಯಿ ಇದನ್ನು ಓದಿ ಬೇಸರಪಡಬಾರದು. ನಿನ್ನ ಕೆಮ್ಮು ಹೇಗಿದೆ? ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ. ನಿನ್ನನ್ನು ದೇವಮಾತೆ ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ.

ನಿನ್ನ ತಮ್ಮ,
ಫೌಸ್ತಿನೊ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಕೈ ಬಂದಿರಲಿಲ್ಲ. ಕಲಬೆರಕೆ ಎಂದ ಆ ಮೊದಲ ವರದಿಯ ಕೆಳಗಿರುವ ಸಹಿ ನನ್ನದು. "ನೀನು ಹಾಕ್ಬೇಡ" ಎಂದು ಡಾಕ್ಟರಮ್ಮ ಎಷ್ಟೋ ಹೇಳಿದರು. ತಾಯಿಯೆಂದು ಹಿಂದೆ ಸರಿದ ಎಂದು ನಾಳೆ ಯಾರೂ ಅನ್ನಬಾರದೆಂದು ನಾನೇ ಹಟ ಮಾಡಿ ಪೆನ್ನು ತೆಗೆದುಕೊಂಡೆ. ದೋನ್ ಕ್ರಿಸಾಂತೊ ಅದನ್ನು ಅಮ್ಮನಿಗೆ ಹೆಸರಿನ ಸಮೇತ ಓದಿ ಹೇಳಿದ್ದಾನೆ.

ಈಗ ಹೂವಿನ ಕಾಲ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ ಮದುವೆ ಮಾಡಿಸದಿದ್ದರೆ ಕಾಯಿ ಕಟ್ಟುವುದಿಲ್ಲ. ನಾನು ಹೊರಟ ದಿನ ಬಳ್ಳಿಗಳ ತುಂಬ ಹೂವಿತ್ತು. ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ಏಳಮ್ಮ, ಬಿಸಿಲೇರ್ತಿದೆ" ಎಂದೆ.

"ಬೇರೆ ಯಾರಾದ್ರೂ ಬರೆದಿದ್ರೆ ಜಗಳ ಆಡ್ತಿದ್ದೆ ಮಗಾ. ಆ ಇನ್ನೊಂದು ಕಾಗದ ನನ್ನ ಸಮಾಧಾನಕ್ಕೆ ಬರೆದಿದ್ದು, ಗೊತ್ತು ನಂಗೆ. ನಿನ್ನ ಸಹಿ ಇರೋದು ನಿಜಕ್ಕೆ ಬರೆದಿದ್ದು. ನೀನೇ ಹೇಳಿದ ಮೇಲೆ ನನ್ನ ಕೈಯೇ ಸುಳ್ಳಿರ್ಬೇಕು" ಎಂದಳು.

ಸಿಟ್ಟಿನಿಂದ ಅನ್ನಲಿಲ್ಲ ಅಕ್ಕ. ನನ್ನನ್ನು ನಂಬಿ ಅಂದಳು.