ಹಾಲಮ್ಮನ ದನಿ ಮತ್ತು ಇಲಿಸೂಜಿಯ ಎರಡನೇ ಸುತ್ತು

ದಾವಣಗೆರೆ
ಫೆಬ್ರವರಿ 30, 2148

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಇಲಿಸೂಜಿಯ ಎರಡನೇ ಸುತ್ತು ನಿನ್ನೆ ಸಂಜೆ ಮುಗಿದಿದೆ. ಮೊದಲ ಸುತ್ತಿಗೆ ಬಂದಿದ್ದವರೆಲ್ಲ ಮತ್ತೆ ಬಂದು ತೋಳು ಕೊಟ್ಟಿದ್ದಾರೆ. ಹೀಗೆಂದು ತಿಳಿಸಿದವರು ಲಸಿಕೆ ಕೇಂದ್ರದ ಶುಶ್ರೂಷಕಿ ನಾಗವೇಣಿ. ಸುದ್ದಿ ಬರೆದು ಗೋಡೆಪತ್ರಿಕೆಗೆ ಅಂಟಿಸಿದವನು ನಾನು, ಬಸವಲಿಂಗ.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆ. ನೂರಿಪ್ಪತ್ತು ವರ್ಷ ಹಿಂದಿರುವ ನಿಮಗೆ ನಮ್ಮ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ಇಲಿಸೂಜಿ ಎಂದರೆ ಹಂಟಾ ವೈರಸ್ಸಿನ ಲಸಿಕೆ. ಇಲಿಯ ಮೂತ್ರ, ಹಿಕ್ಕೆ ಒಣಗಿ ದೂಳಾಗಿ ಉಸಿರಿಗೆ ಸೇರಿದರೆ ಈ ರೋಗ ಬರುತ್ತದೆ. ಭತ್ತದ ಚೀಲ ಇದ್ದಲ್ಲಿ ಇಲಿ ಇರುತ್ತದೆ, ಭತ್ತವಿಲ್ಲದೆ ಮಂಡಕ್ಕಿಯಿಲ್ಲ. ಹೋದ ಸುಗ್ಗಿಯಲ್ಲಿ ಇದೇ ಓಣಿಯ ಮೂವರು ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಲಸಿಕೆ ಪೂರ್ತಿ ಹಿಡಿಯಬೇಕಾದರೆ, ಬೇಸಿಗೆಯ ಹೊಸ ಭತ್ತ ಬಂದಿಳಿಯುವ ಮುಂಚೆಯೇ ಎರಡನೇ ಸೂಜಿ ಬೀಳಬೇಕು.

ಇನ್ನೊಂದು ಮಾತು ಖುದ್ದುದನಿ. ನಿಮ್ಮ ಕಾಲದಲ್ಲಿ ಫೋನಿನಲ್ಲಿ ಅಮ್ಮನ ದನಿ ಕೇಳಿದರೆ ಅದು ಅಮ್ಮನೇ ಎಂದು ನಂಬುತ್ತಿದ್ದಿರಂತೆ. “ಊಟ ಆಯ್ತೇನು ಅಂತ ಕೇಳಾಕೇ ಫೋನ್ ಮಾಡ್ತಿದ್ಲು ಕಣಪ್ಪ ನಮ್ಮವ್ವ, ಬ್ಯಾರೆ ಏನೂ ಇರ್ತಿರ್ಲಿಲ್ಲ” ಎಂದು ನನ್ನ ಮುತ್ತಜ್ಜಿ ಹೇಳಿದ್ದು ನೆನಪಿದೆ. ಚಿಕ್ಕವನಾದ ನನಗೆ ಅದು ರಾಜರಾಣಿಯರ ಕಥೆಗಿಂತ ದೊಡ್ಡ ಐಶ್ವರ್ಯವಾಗಿ ಕೇಳಿಸುತ್ತಿತ್ತು. ಯಂತ್ರಗಳು ಯಾರ ದನಿಯನ್ನಾದರೂ ಕದಿಯಲು ಕಲಿತ ಮೇಲೆ ಆ ನಂಬಿಕೆ ಹೋಯಿತು. ಈಗ ಆರೋಗ್ಯದ ಪ್ರಕಟಣೆಯನ್ನು ಸ್ಪೀಕರಿಲ್ಲದೆ, ಓಣಿಯ ಒಬ್ಬರು ಬೀದಿಯಲ್ಲಿ ನಿಂತು ಬಾಯಿಬಿಟ್ಟು ಸಾರಬೇಕು. ಅದೇ ಖುದ್ದುದನಿ. ದೂಳಿಗೆ ಹೆದರಿ ಬಾಗಿಲು ಕಿಟಕಿಗಳನ್ನು ಸದಾ ಮುಚ್ಚಿರುವ ಜನ, ಒಳಗಿನಿಂದಲೇ ಕಿವಿಗೊಟ್ಟು, ಬರಿಗಂಟಲು ಯಾವುದು, ಸ್ಪೀಕರು ಯಾವುದು ಎಂದು ಹೇಳಬಲ್ಲರು.

ಭಟ್ಟಿ ಓಣಿಯ ಸಾರುವವಳು ಹಾಲಮ್ಮ. ಆಕೆ ನನ್ನ ಹೆಂಡತಿ ಎಂಬುದನ್ನು ಓದುವವರಿಗೆ ತಿಳಿಸಿಯೇ ಮುಂದುವರಿಯಬೇಕು. ಕಾದ ಮರಳಿನಲ್ಲಿ ಮಂಡಕ್ಕಿ ಸಿಡಿಯುವ ಸದ್ದನ್ನು ದಾಟಿ ಆಕೆಯ ದನಿ ಓಣಿಯ ಆ ತುದಿ ಮುಟ್ಟುತ್ತಿತ್ತು. ಕೊನೆಯ ಮಾತನ್ನು ಮೇಲಕ್ಕೆತ್ತಿ “ಬರ್ರವ್ವೋ” ಎಂದು ಎಳೆದು ಬಿಡುತ್ತಿದ್ದಳು. ಮೆಣಸಿನಕಾಯಿ ಬಜ್ಜಿಯ ಅಂಗಡಿಯಲ್ಲಿ ಸಂಜೆ ಸೇರುವವರು ಅದನ್ನು ಅಣಕಿಸಿ ನಗುತ್ತಿದ್ದರು. ಅಡುಗೆಮನೆಯಿಂದ ನನ್ನನ್ನು ಕರೆಯುವಾಗಲೂ ಅದೇ ಎಳೆತ. ಕೆಲವೊಮ್ಮೆ ಮೊದಲ ಕೂಗಿಗೆ ಓಗೊಡದೆ ಕೂತಿರುತ್ತಿದ್ದೆ. ಎರಡನೆಯದು ಇನ್ನೂ ಚೆನ್ನಾಗಿರುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಆಕೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಇರಬಹುದೆಂಬ ಅನುಮಾನ ಬಂತು. ಎರಡನೇ ಸುತ್ತು ಸಾರಿ ಬರುತ್ತೇನೆ ಎಂದು ಹಾಲಮ್ಮ ಹೇಳಿದ್ದನ್ನು ಶಸ್ತ್ರವೈದ್ಯೆ ಶರಾವತಿ ಒಪ್ಪಲಿಲ್ಲ, ಗಂಟನ್ನು ತಡಮಾಡದೆ ತೆಗೆಯಬೇಕೆಂದರು. ದನಿಯ ನರಗಳು ಆ ಗ್ರಂಥಿಗೆ ಒತ್ತಿಕೊಂಡೇ ಹಾದುಹೋಗುತ್ತವೆ, ರಕ್ತದ ಕ್ಯಾಲ್ಸಿಯಂ ಕಾಯುವ ಪುಟ್ಟ ಗ್ರಂಥಿಗಳೂ ಅಲ್ಲೇ ಅಂಟಿಕೊಂಡಿವೆ. ನಿಮ್ಮ ಕಾಲದಿಂದಲೂ ಸಂಶೋಧಕರು ಶಸ್ತ್ರಚಿಕಿತ್ಸೆಯಾದವರ ಬೆನ್ನು ಬಿಡದೆ, ಯಾರ ದನಿ ಉಳಿಯಿತು, ಯಾರ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಿತು ಎಂದು ವರ್ಷಗಟ್ಟಲೆ ವಿಚಾರಿಸಿದ್ದರಿಂದ ಅಪಾಯ ಬಹಳ ತಗ್ಗಿದೆ, ಆದರೆ ಇಲ್ಲವಾಗಿಲ್ಲ ಎಂದು ವೈದ್ಯೆ ವಿವರಿಸಿದರು. “ನನ್ನ ಗಂಟ್ಲು ಹೋದ್ರೆ ಇವರಿಗೆ ನಿದ್ದಿ ಚಲೋ ಬರ್ತೈತಿ ಬಿಡ್ರಿ” ಎಂದು ಹಾಲಮ್ಮ ನನ್ನ ಕಡೆ ನೋಡಿದಳು. ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯ ಪ್ರಕಾರ ಫಲಿತಾಂಶ ಉತ್ತಮ. ಗಂಟು ಪೂರ್ತಿ ಹೊರಬಂದಿತ್ತು, ಕ್ಯಾಲ್ಸಿಯಂ ಸರಿಯಿತ್ತು, ದನಿತಂತುಗಳು ಅಲುಗುತ್ತಿದ್ದವು. ಮೇಲಿನ ಸ್ವರ ಮಾತ್ರ ಇರಲಿಲ್ಲ. ಉಳಿದದ್ದು ಗೊಗ್ಗರು ದನಿ. ಈಗ ಆಕೆ ಕರೆದರೆ ಮೊದಲ ಕೂಗಿಗೇ ಎದ್ದು ಹೋಗುತ್ತೇನೆ.

ನಿನ್ನೆ ಬೆಳಿಗ್ಗೆ ಆಕೆ ಓಣಿಯ ನಡುವೆ ನಿಂತು ಸಾರಿದಳು. ಒಂದು ಬಾಗಿಲೂ ತೆರೆಯಲಿಲ್ಲ. ಆಕೆ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದರು. ಆ ಗೊಗ್ಗರನ್ನು ಕೆಟ್ಟ ಸ್ಪೀಕರಿನ ಗೊರಗೊರ ಎಂದುಕೊಂಡರು. ಎರಡನೇ ಸಲ ಕೂಗಿದಾಗ ಯಾರೋ ಒಳಗಿನಿಂದ ಅಗುಳಿ ಜಡಿದ ಸದ್ದಾಯಿತು. ಲಸಿಕೆಯ ಪೆಟ್ಟಿಗೆ ಹಿಡಿದ ನಾಗವೇಣಿ ನನ್ನ ಮುಖ ನೋಡಿದರು. ಸಂಜೆಯೊಳಗೆ ಬಳಸದ ಲಸಿಕೆ ಕೆಡುತ್ತದೆ, ಮತ್ತೊಂದು ಪೆಟ್ಟಿಗೆ ಬರುವುದು ಭತ್ತ ಬಂದ ಮೇಲೆಯೇ. ಹಾಲಮ್ಮ ಹೋಗಿ ಭಟ್ಟಿಯೊಡತಿ ಜೈತೂನ್‌ಬಿಯ ಬಾಗಿಲು ಬಡಿದಳು.

“ಯಾರದು?” ಎಂದಳು ಜೈತೂನ್‌ಬಿ ಒಳಗಿನಿಂದ.

“ನಾನೇ, ಹಾಲಿ.”

“ಹಾಲಿ ದವಾಖಾನ್ಯಾಗ ಅದಾಳ. ಆಕಿ ದನಿ ಕದ್ಕೊಂಡ್ ಬಂದೀಯೇನ್, ಹಾಳಾದ್ ಮಷೀನೇ?”

“ಏ ಜೈತೂನಿ, ಕದಿಯಾಕ ನಿಂತ್ರ ಚಲೋದು ಕದೀತಿದ್ನಿಲ್ಲೇನ? ಈ ಹರಕು ದನೀನ ಯಾವ ಕಳ್ಳ ಹೊತ್ಗಂಡ್ ಬರ್ತಾನ?”

ಒಳಗೆ ಅಗುಳಿ ಸರಿದ ಸದ್ದಾಯಿತು.

“ಅದೂ ಖರೇನ” ಎಂಬ ಮಾತು ಕೇಳಿಸಿ ಬಾಗಿಲು ತೆರೆಯಿತು. ಜೈತೂನ್‌ಬಿ ಹಾಲಮ್ಮನ ಕುತ್ತಿಗೆಯ ಹೊಲಿಗೆಯನ್ನು ನೋಡಿದಳು. ಬೆರಳನ್ನು ಅದರ ಹತ್ತಿರದವರೆಗೆ ತಂದು ಮುಟ್ಟದೆ ಬಿಟ್ಟಳು. ಆಮೇಲೆ ಬೀದಿಗೆ ಇಳಿದು ತಾನೇ ಒದರಿದಳು: “ಹೊರಗ ಬರ್ರೋ, ಇಕಿ ನಮ್ಮ ಹಾಲೀನ! ಮಷೀನ್ ಇಷ್ಟು ಕೆಟ್ಟದಾಗಿ ಒದರಂಗಿಲ್ಲ!”

ನಕಲು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಎಂಬುದು ನಮ್ಮ ಓಣಿಗೆ ಹೊಳೆದದ್ದು ಹೀಗೆ. ಬಾಗಿಲುಗಳು ಒಂದೊಂದಾಗಿ ತೆರೆದವು.

ನಿಮ್ಮಲ್ಲಿ ಒಂದು ಕೋರಿಕೆ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದ ಮೇಲೆ ಯಾರಾದರೂ ನಿಮಗೆ ಕರೆ ಮಾಡಿ, ದನಿ ಹೇಗಿದೆ ಎಂದು ಕೇಳಿದರೆ ಬೇಸರಿಸದೆ ಉತ್ತರಿಸಿ. ಚೆನ್ನಾಗಿದೆ ಎಂದಷ್ಟೇ ಹೇಳಿ ಮುಗಿಸಬೇಡಿ, ಏನು ಹೋಯಿತು ಎಂಬುದನ್ನೂ ಹೇಳಿ. ಲಸಿಕೆಯ ಪ್ರಯೋಗಕ್ಕೆ ರಕ್ತ ಕೊಟ್ಟವರು, ಮತ್ತೆ ಬನ್ನಿ ಎಂದಾಗ ಹೋಗಿ ಬನ್ನಿ. ನಿಮ್ಮ ಹೆಸರುಗಳು ನಮಗೆ ಗೊತ್ತಿಲ್ಲ, ಉತ್ತರಗಳು ಮಾತ್ರ ಬಂದು ತಲುಪಿವೆ. ಹಾಲಮ್ಮ ಬದುಕಿರುವುದೂ ಓಣಿ ಈ ಸುಗ್ಗಿಗೆ ಸಿದ್ಧವಾಗಿರುವುದೂ ಅವುಗಳಿಂದ.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಲಮ್ಮನ ಮರುತಪಾಸಣೆ ಇದೆ. ವೈದ್ಯೆ ಶರಾವತಿ ಈ ಬಾರಿ ನೆರೆಯವರಿಗೂ ಒಂದು ಪ್ರಶ್ನೆ ಸೇರಿಸಿದ್ದಾರೆ: ಮುಚ್ಚಿದ ಬಾಗಿಲ ಹಿಂದಿನಿಂದ ದನಿಯ ಗುರುತು ಸಿಗುತ್ತದೆಯೇ? ಉತ್ತರಿಸಲು ಜೈತೂನ್‌ಬಿ ಹೋಗುತ್ತಾಳೆ.